ಕಲ್ಲುಪುಡಿಯ ಗುಡ್ಡಕ್ಕೆ ಮಣ್ಣು ಹೊದಿಸಿದ್ದು

ಗಾಳಿ ಎದ್ದ ದಿನ ಆ ಬೀದಿಯವರು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಕೊಂಡೇ ಉಣ್ಣಬೇಕಿತ್ತು. ಮನೆಗಳ ಹಿಂದೆಯೇ ಗಣಿಯವರು ಸುರಿದು ಹೋದ ಕಲ್ಲುಪುಡಿಯ ಗುಡ್ಡ. ಗಣಿ ಮುಚ್ಚಿ ಹನ್ನೆರಡು ವರ್ಷವಾದರೂ ಅದರ ಮೇಲೆ ಒಂದು ಎಳೆ ಹುಲ್ಲು ಹುಟ್ಟಿರಲಿಲ್ಲ.

ಬೀದಿಯ ಕೊನೆಯ ಮನೆ ರೋಲರ್ ಮಾವನದು. ಗಣಿಯ ದಾರಿಗಳನ್ನೆಲ್ಲ ರೋಲರ್ ಓಡಿಸಿ ಗಟ್ಟಿ ಮಾಡಿದವರು ಅವರೇ. ಅವರ ಹೆಂಡತಿ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದು, ದೇವರ ಪಾದ ಸೇರಿ ಎರಡು ವರ್ಷವಾಗಿತ್ತು. ಈಗ ಮೊಮ್ಮಗಳಿಗೂ ಕೆಮ್ಮು.

"ಬರೋ ಬೇಸಿಗೆಗೂ ಹೀಗೇ ದೂಳು ಎದ್ದರೆ, ಮಗೂನ ಕರ್ಕೊಂಡು ನನ್ನ ತಂಗಿ ಊರಿಗೆ ಹೋಗ್ತೀವಿ ಮಾವ," ಎಂದು ಸೊಸೆ ಹೇಳಿಬಿಟ್ಟಳು. ಮಗ ತಲೆ ತಗ್ಗಿಸಿ ಕುಳಿತಿದ್ದ. ಅವನೂ ಒಪ್ಪಿದ್ದಾನೆಂದು ಮಾವನಿಗೆ ತಿಳಿಯಿತು.

ಆ ವಾರವೇ ಪಟ್ಟಣದಿಂದ ಮಣ್ಣು ಪರೀಕ್ಷೆ ಮಾಡುವ ಹೆಣ್ಣುಮಗಳೊಬ್ಬಳು ಒಂದು ಚೀಲ ಮಣ್ಣು ಹಿಡಿದು ಬಂದಳು. ಗುಡ್ಡದ ನೆತ್ತಿಗೆ ಮಣ್ಣು ಹೊದಿಸುತ್ತೇವೆ, ಮೊದಲ ಮಳೆಗೆ ಹುಲ್ಲಿನ ಬೀಜ ಬಿತ್ತುತ್ತೇವೆ ಎಂದಳು.

"ಎಲ್ಲಿಯ ಮಣ್ಣು?" ಎಂದು ಮಾವ ಕೇಳಿದರು.

"ಮನೆ ಕಟ್ಟೋರು ಪಾಯ ಅಗೆದಾಗ ಬರುತ್ತಲ್ಲ ಅಜ್ಜ, ಆ ಮಣ್ಣು. ಅದಕ್ಕೆ ತರಕಾರಿ ಸಿಪ್ಪೆ ಕೊಳೆಸಿದ ಗೊಬ್ಬರ ಸೇರಿಸ್ತೀವಿ."

"ಪಟ್ಟಣದ ಕಸ ತಂದು ನಮ್ಮ ತಲೆ ಮೇಲೆ ಸುರೀತೀರಿ ಅನ್ನು. ಅಜ್ಜ ಅನ್ನಬೇಡ, ಹಲ್ಲು ಇನ್ನೂ ಗಟ್ಟಿ ಇವೆ."

"ಆಯ್ತು ಮಾವ. ಜರಡಿ ಹಿಡಿದು, ಗಾಜು ಪ್ಲಾಸ್ಟಿಕ್ ತೆಗೆದು, ವಿಷ ಇಲ್ಲ ಅಂತ ಪರೀಕ್ಷೆ ಮಾಡಿದ್ದು. ಮುಟ್ಟಿ ನೋಡಿ."

ಮಾವ ಅವಳ ಚೀಲದಿಂದ ಒಂದು ಹಿಡಿ ತೆಗೆದು ಮೂಸಿದರು. ಕೊಳೆತ ವಾಸನೆ ಇರಲಿಲ್ಲ. "ನಂಬಿಕೆ ಇಲ್ಲ. ಆದರೂ ತನ್ನಿ," ಎಂದರು.

ಲಾರಿಗಳು ಬಂದವು. ನೆತ್ತಿಯ ಮೇಲೆ ಮಣ್ಣು ಮೊಣಕಾಲೆತ್ತರ ಹರಡಿತು. ಅದು ಮೆತ್ತಗೆ ಉಬ್ಬಿಕೊಂಡಿರುವುದನ್ನು ನೋಡಿ ಮಾವನಿಗೆ ಸಮಾಧಾನವಾಗಲಿಲ್ಲ. ಇಷ್ಟು ಸಡಿಲವಿದ್ದರೆ ಗಾಳಿಗೆ ಹಾರಿಹೋಗುತ್ತದೆಂದು, ಯಾರನ್ನೂ ಕೇಳದೆ, ರಸ್ತೆ ಕೆಲಸದವರ ರೋಲರ್ ತಂದು ನಾಲ್ಕು ಸುತ್ತು ಓಡಿಸಿದರು. ನೆಲ ಸಿಮೆಂಟಿನಂತಾಯಿತು. ಮರುದಿನ ಬಿತ್ತಲು ಬಂದವರೂ ಅದನ್ನು ಕಂಡು ಅನುಮಾನಪಡದೆ ಬೀಜ ಚೆಲ್ಲಿ ಹೋದರು.

ಮಳೆ ಬಂತು. ನೀರು ಇಂಗದೆ ಬೀಜವನ್ನೂ ಹೊತ್ತುಕೊಂಡು ಕೆಳಗೆ ಹರಿಯಿತು. ಹದಿನೈದು ದಿನವಾದರೂ ನೆತ್ತಿ ಬೋಳು.

"ನಾನು ಹೇಳಲಿಲ್ವಾ, ಕಸ ಕಸವೇ," ಎಂದರು ಮಾವ.

ಆ ಹೆಣ್ಣುಮಗಳು ಅವರನ್ನು ಗುಡ್ಡದ ಅಂಚಿಗೆ ಕರೆದೊಯ್ದಳು. ಉರುಳಿ ಬೀಳುವ ಭಯದಿಂದ ಮಾವ ಅಲ್ಲಿಗೆ ರೋಲರ್ ಒಯ್ದಿರಲಿಲ್ಲ. ಆ ಎರಡು ಮಾರು ಅಗಲದ ಪಟ್ಟಿಯಲ್ಲಿ ಹುಲ್ಲು ಗೇಣುದ್ದ ಬೆಳೆದಿತ್ತು.

"ಅದೇ ಮಣ್ಣು, ಅದೇ ಬೀಜ ಮಾವ. ದಾರಿ ಬೇರೆ, ಬೇರು ಇಳಿಯೋ ನೆಲ ಬೇರೆ. ಮಣ್ಣಿಗೂ ಉಸಿರಾಡೋಕೆ ಜಾಗ ಬೇಕು."

ಉಸಿರಿನ ಮಾತು ಬಂದಾಗ ಮಾವನಿಗೆ ಮೊಮ್ಮಗಳ ಕೆಮ್ಮು ನೆನಪಾಯಿತು. "ಮಳೆಗಾಲ ಇನ್ನೆಷ್ಟು ದಿನ ಇದೆ?" ಎಂದು ಕೇಳಿದರು.

"ಇನ್ನೂ ಎರಡು ತಿಂಗಳು."

ಮಾರನೆಯ ಬೆಳಿಗ್ಗೆ ಪಿಕಾಸಿ ಹಿಡಿದು ಅವರೇ ಮೊದಲು ಏರಿದರು. ಹಿಂದೆ ಮಗ, ಸೊಸೆ, ನೆರೆಯವರು. "ರಸ್ತೆ ಅಗೆದು ಹಾಳು ಮಾಡ್ತಿದೀರಲ್ಲ ಮಾವ," ಎಂದು ನೆರೆಯವನು ಕಾಲೆಳೆದ. "ಬಾಯಿಗಿಂತ ಕೈ ಜಾಸ್ತಿ ಆಡಿಸು," ಎಂದರು ಮಾವ. ಎಂಟು ದಿನದಲ್ಲಿ ನೆಲವೆಲ್ಲ ಸಡಿಲವಾಯಿತು. ನೀರು ನಿಲ್ಲಲು ಅಡ್ಡ ಸಾಲು ಹೊಡೆದು ಮತ್ತೆ ಬಿತ್ತಿದರು.

ಬೇಸಿಗೆಯಲ್ಲಿ ಗಾಳಿ ಎಂದಿನಂತೆ ಎದ್ದಿತು. ನೆತ್ತಿಯ ಹುಲ್ಲು ಒಣಗಿತ್ತು, ಆದರೆ ಬೇರು ಮಣ್ಣನ್ನು ಬಿಟ್ಟಿರಲಿಲ್ಲ. ಇಳಿಜಾರಿನಿಂದ ದೂಳು ಇನ್ನೂ ಬರುತ್ತಿತ್ತು, ಮೊದಲಿನಷ್ಟು ಇಲ್ಲ. ಮೊಮ್ಮಗಳ ಕೆಮ್ಮೂ ತಗ್ಗಿತು.

ಒಂದು ಸಂಜೆ ಸೊಸೆ ಕೇಳಿದಳು: "ಇಳಿಜಾರಿಗೆ ಮಣ್ಣು ಯಾವಾಗ ತರಿಸ್ತೀರಿ ಮಾವ? ಈ ಮಳೆಗೆ ಅದನ್ನೂ ಬಿತ್ತಿಬಿಡೋಣ."

ಓದುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ನಿಮ್ಮ ಮನೆಯ ಹಿಂದೆಯೂ ಇಂಥ ಗುಡ್ಡವಿರಬಹುದು. ಅಗೆದ ಮಣ್ಣನ್ನು ಹಳ್ಳಕ್ಕೆ ಸುರಿಯಬೇಡಿ. ಪರೀಕ್ಷೆ ಮಾಡಿಸಿ, ಗೊಬ್ಬರ ಬೆರೆಸಿ ಗುಡ್ಡಕ್ಕೆ ಹೊದಿಸಿ. ತುಳಿದು ಗಟ್ಟಿ ಮಾಡದೆ ಮಳೆಗೆ ಮುಂಚೆ ಬಿತ್ತಿ. ನೆಲವನ್ನು ಕೊಟ್ಟವನು ದೇವರು, ಅಗೆದವರು ನಾವು. ಮುಚ್ಚುವ ಕೆಲಸವೂ ನಮ್ಮದೇ. ಈ ಮಳೆಗಾಲಕ್ಕೇ ಶುರು ಮಾಡಿ.