ಮುನ್ನೂರ ಹನ್ನೆರಡು ಮಕ್ಕಳ ಲೆಕ್ಕ ಚುಕ್ತಾ

ಆಸ್ಪತ್ರೆಯವರು ಅವಳಿಗೆ ಇಟ್ಟಿದ್ದ ಹೆಸರು ರಬ್ಬರ್. ಎಂಟು ವರ್ಷದ ಹಿಂದೆ ಜನನ ದಾಖಲೆಗಳ ಕಂಪ್ಯೂಟರಿನಿಂದ ಮುನ್ನೂರ ಹನ್ನೆರಡು ಮಕ್ಕಳು ಒಂದೇ ಮಧ್ಯಾಹ್ನ ಅಳಿಸಿಹೋಗಿದ್ದರು. ಆ ಕುರ್ಚಿಯ ಗುಮಾಸ್ತೆ ಅವಳಾದ್ದರಿಂದ ತಪ್ಪೂ ಅವಳ ತಲೆಗೇ ಬಂತು. ವಿಭಾಗದ ಮುಖ್ಯಸ್ಥ ಎಲ್ಲರೆದುರು, "ಹೋಗ್ಲಿ ಬಿಡಮ್ಮ, ನಾನು ಕ್ಷಮಿಸಿದೀನಿ" ಅಂದ. ಬೈದಿದ್ದರೆ ಮರೆಯುತ್ತಿದ್ದಳೇನೋ. ಆ ಕ್ಷಮೆಯನ್ನು ಮಾತ್ರ ಅವಳಿಗೆ ನುಂಗಲೂ ಆಗಿರಲಿಲ್ಲ, ಉಗುಳಲೂ ಆಗಿರಲಿಲ್ಲ.

ಮನೆಯಲ್ಲೂ ಅದೇ ಕಥೆ. ಅಳಿಸಿಹೋದವರಲ್ಲಿ ನಾದಿನಿಯ ಮಗಳೂ ಒಬ್ಬಳು. "ನಮ್ಮತ್ತಿಗೆ ನನ್ನ ಮಗಳು ಹುಟ್ಟೇ ಇಲ್ಲ ಅಂತ ಮಾಡಿಬಿಟ್ರು" ಎಂದು ನಾದಿನಿ ಬಂದ ನೆಂಟರಿಗೆಲ್ಲ ನಗುನಗುತ್ತಾ ಹೇಳುವಳು. ಆ ನಗು ಎಂಥದ್ದೆಂದು ಅತ್ತಿಗೆಗೆ ಗೊತ್ತಿತ್ತು.

ಈಗ ಹಳೆಯ ಡೇಟಾಬೇಸನ್ನು ಹೊಸದಕ್ಕೆ ಸಾಗಿಸುವ ಕೆಲಸ ಬಂದಿತ್ತು. ಮೊದಲು ಪ್ರಯೋಗಕ್ಕೊಂದು ಜಾಗ ಸಿದ್ಧವಾಗಬೇಕು: ಬೇರೆಯೇ ಕಂಪ್ಯೂಟರು, ಅದರಲ್ಲಿ ಹಳೆಯದರ ನಕಲು, ಪಕ್ಕದಲ್ಲಿ ಖಾಲಿ ಹೊಸದು, ಜೊತೆಗೆ ಯಾವ ಮಾಹಿತಿ ಎಲ್ಲಿಗೆ ಹೋಗಬೇಕೆಂಬ ಪಟ್ಟಿ. ಹಳೆಯದರ ಮೂಲೆಮೂಲೆ ಬಲ್ಲವಳು ರಬ್ಬರ್ ಒಬ್ಬಳೇ. ಕೆಲಸ ಅವಳಿಗೇ ಸಿಕ್ಕಿತು.

ನಕಲು ಇಳಿಸಿದ ಮೇಲೆ ಅವಳೂ ಎಂದೂ ಕಾಣದ ಒಂದು ಕೋಷ್ಟಕ ಕಣ್ಣಿಗೆ ಬಿತ್ತು. ಯಾರು ಯಾವಾಗ ಏನು ಅಳಿಸಿದರು, ಮೊದಲು ಅಲ್ಲೇನಿತ್ತು ಎಂಬುದೆಲ್ಲ ತಾನಾಗಿ ಅದರಲ್ಲಿ ಸೇರುತ್ತಿತ್ತು. ಅದನ್ನು ತೋರಿಸುವ ಪರದೆ ಮಾತ್ರ ಹಳೆಯದರಲ್ಲಿ ಇರಲಿಲ್ಲ. ಅವಳು ನೇರವಾಗಿ ಆ ದಿನಕ್ಕೆ ಹೋದಳು. ಮಧ್ಯಾಹ್ನ ಒಂದೂ ಇಪ್ಪತ್ತು, ಅವಳು ಊಟಕ್ಕೆ ಹೋಗಿದ್ದ ಹೊತ್ತು. ಮುನ್ನೂರ ಹನ್ನೆರಡು ಸಾಲುಗಳಿಗೂ ಒಂದೇ ಸಿಬ್ಬಂದಿ ಸಂಖ್ಯೆ. ಮುಖ್ಯಸ್ಥನದು.

ಖುಷಿಯಿಂದ ಆ ಸಂಖ್ಯೆಯನ್ನು ಸಿಬ್ಬಂದಿ ಪಟ್ಟಿಗೆ ಜೋಡಿಸಿದಳು. ಹೊಸದರಲ್ಲಿ ಅದರ ಜಾಗಕ್ಕೆ ಹೆಸರೂ ಹುದ್ದೆಯೂ ಬರುತ್ತವೆ. ಮುಖ್ಯಸ್ಥನ ಒಪ್ಪಿಗೆಗೆ ಪಟ್ಟಿ ಒಯ್ದಳು.

"ಎಲ್ಲಾ ಸೇರಿದೆಯೇನಮ್ಮ?"

"ಒಂದೂ ಬಿಟ್ಟಿಲ್ಲ ಸಾರ್."

ಎಂದಿನಂತೆ ಓದದೆ ರುಜು ಹಾಕಿದ.

ಮರುದಿನ ಆಸ್ಪತ್ರೆಯ ನಿರ್ದೇಶಕಿಯ ಮುಂದೆ ಮೊದಲ ಪ್ರಯೋಗ. ಏನಾದರೊಂದು ತೋರಿಸಿ ಎಂದರು. ರಬ್ಬರ್ ಏನು ತೋರಿಸಿದಳೆಂದು ಹೇಳಬೇಕಿಲ್ಲ. ಮುನ್ನೂರ ಹನ್ನೆರಡು ಸಾಲು, ಪ್ರತಿಯೊಂದರ ಪಕ್ಕದಲ್ಲೂ ಮುಖ್ಯಸ್ಥನ ಹೆಸರು. ಅವಳು ಪರದೆ ನೋಡಲಿಲ್ಲ, ಅವನ ಮುಖ ನೋಡಿದಳು. ಬೆವರಬೇಕು, ಬಿಳುಚಬೇಕು, ಎಂಟು ವರ್ಷ ಕಾದದ್ದು ಅದಕ್ಕೇ.

"ನಾನಾ?" ಅಂದ ಅವನು. ನಾಟಕವಲ್ಲ, ನಿಜವಾದ ಬೆರಗು. "ಓ... ಎರಡೆರಡು ಸಲ ಸೇರಿವೆ ಅಂತ ಒಂದಷ್ಟು ತೆಗೆದಿದ್ದೆ. ಅದು ಇದೇನಾ? ಮರ್ತೇ ಹೋಗಿತ್ತು ನೋಡಿ."

ಮರೆತಿದ್ದ! ಅವಳು ಎಂಟು ವರ್ಷ ಹೊತ್ತದ್ದನ್ನು ಅವನು ಒಂದು ದಿನವೂ ಹೊತ್ತಿರಲಿಲ್ಲ. ಅವಳ ಮೈಯೆಲ್ಲ ಉರಿದುಹೋಯಿತು.

"ಇವರ ಕ್ಷಮೆ ಕೇಳಿ, ಎಲ್ಲರೆದುರು" ಎಂದರು ನಿರ್ದೇಶಕಿ. ಅವನು ಗೊಣಗಿದ. ಅವರು ಅವಳತ್ತ ತಿರುಗಿ, "ಆ ಮಕ್ಕಳನ್ನ ಇವತ್ತೇ ವಾಪಸ್ ಸೇರಿಸಿ. ಇನ್ನೆಷ್ಟು ಪ್ರಯೋಗ ಇದೆ?" ಎಂದು ಕೇಳಿದರು.

"ಮೂವತ್ತೆಂಟು. ಪ್ರತಿ ಸಲ ಒಂದು ದಾಖಲೆನ ಮುಖ್ಯಸ್ಥರು ಗಟ್ಟಿಯಾಗಿ ಓದ್ಬೇಕು ಮೇಡಂ, ನಾನು ಹಳೇದರ ಜೊತೆ ತಾಳೆ ನೋಡ್ಬೇಕು. ಅದು ನಿಯಮ."

"ಯಾವ ದಾಖಲೆ?"

"ಅದನ್ನ ಆರಿಸೋದು ನಾನು. ಒಂದ್ಸಲ ಆರಿಸಿದ್ರೆ ಕೊನೇವರೆಗೂ ಅದೇ."

"ಆಯ್ತು, ನಿಮ್ಮಿಷ್ಟ."

ಅವಳು ಪ್ರಯೋಗದ ಸೆಟಪ್ ಕಡತ ತೆರೆದು ತಾನು ಆರಿಸಿದ ಸಾಲಿನ ಸಂಖ್ಯೆ ಟೈಪು ಮಾಡಿ ಉಳಿಸಿದಳು. ಮಧ್ಯಾಹ್ನ ಎರಡನೇ ಪ್ರಯೋಗ. ವಿಭಾಗದ ಹನ್ನೊಂದು ಮಂದಿಯೂ ತಮ್ಮ ತಮ್ಮ ಮೇಜಿನಲ್ಲಿದ್ದರು. ಮುಖ್ಯಸ್ಥ ಕನ್ನಡಕ ಏರಿಸಿ ಪರದೆಗೆ ಬಗ್ಗಿದ.

"ಅಳಿಸಿದವರು..." ಎಂದು ಶುರುಮಾಡಿ ತಡವರಿಸಿದ. "ವಿಭಾಗದ ಮುಖ್ಯಸ್ಥರು."

"ಸ್ವಲ್ಪ ಗಟ್ಟಿಯಾಗಿ ಸಾರ್" ಎಂದಳು ಅವಳು, ಪೆನ್ನು ಹಿಡಿದು. "ಹಿಂದಿನವರಿಗೆ ಕೇಳಿಸ್ಲಿಲ್ಲ."