ಮೂವತ್ತೊಂದು ಸೋಲುಗಳು

ಡಿಸೆಂಬರಿನ ಮೊದಲ ಶನಿವಾರ ಟ್ಯಾಮರಾಕ್ ಫಾಲ್ಸಿನ ಬೇಸ್‌ಬಾಲ್ ಹುಚ್ಚಿನವರೆಲ್ಲ ಸೇತುವೆ ಪಕ್ಕದ ಹೋಟೆಲಿನಲ್ಲಿ ಸೇರಿ ಬೆಳಗಿನ ತಿಂಡಿ ತಿನ್ನುವುದು ರೂಢಿ. ಆ ವರ್ಷ ಊರಿನ ರೇಡಿಯೊದ ಎಲ್ಡನ್ ಪ್ರೌಟಿ ಮೈಕು ಹಿಡಿದುಕೊಂಡು ಮೇಜಿನಿಂದ ಮೇಜಿಗೆ ಹೋಗುತ್ತ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದ. ನೆಲಕಚ್ಚಿರುವ ತಂಡಗಳಲ್ಲಿ ಬರುವ ವರ್ಷ ಯಾರೂ ಎಣಿಸದ ಹಾಗೆ ಎದ್ದು ನಿಲ್ಲುವುದು ಯಾವುದು? ಒಬ್ಬೊಬ್ಬರು ಒಂದೊಂದು ದೊಡ್ಡ ಊರಿನ ಹೆಸರು ಹೇಳಿದರು. ನನ್ನ ಸರದಿ ಬಂದಾಗ ನಾನು, ನಮ್ಮ ಹೆರನ್ಸ್, ಅಂದೆ.

ಇಡೀ ಹೋಟೆಲು ನಕ್ಕಿತು. ನಗದೆ ಇನ್ನೇನು ಮಾಡಿಯಾರು? ನಮ್ಮ ಲೀಗಿನಲ್ಲಿರುವುದು ಎಂಟು ತಂಡ, ನಾವು ಎಂಟನೆಯವರು. ತೊಂಬತ್ತಾರು ಪಂದ್ಯಗಳಲ್ಲಿ ಎಪ್ಪತ್ತೊಂದನ್ನು ಸೋತಿದ್ದೆವು. ಹೆರನ್ ಎಂದರೆ ನೀರಿನಲ್ಲಿ ಒಂಟಿ ಕಾಲಲ್ಲಿ ನಿಲ್ಲುವ ಬಕಪಕ್ಷಿ. ನಮ್ಮ ಹುಡುಗರು ಮೈದಾನದಲ್ಲಿ ಹಾಗೆಯೇ ನಿಂತಿರುತ್ತಾರೆ ಅಂತ ಎದುರಾಳಿ ಊರಿನವರು ಬಾಯಿತುಂಬ ಆಡಿಕೊಳ್ಳುತ್ತಿದ್ದರು. ಪ್ರೌಟಿ ಮೈಕನ್ನು ನನ್ನ ಮೂಗಿನ ಹತ್ತಿರಕ್ಕೆ ತಂದು, ಜ್ವರಗಿರ ಬಂದಿದೆಯಾ ಮಿಸೆಸ್ ಡುಸೆಕ್ ಎಂದು ಕೇಳಿದ.

ನಾನು ವರ್ನಾ ಡುಸೆಕ್. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಹತ್ತೊಂಬತ್ತು ವರ್ಷಗಳಿಂದ ಬ್ಯಾಟುಗಾರ ನಿಲ್ಲುವ ಹೋಮ್ ಪ್ಲೇಟಿನ ಹಿಂದಿನ ಮರದ ಗೂಡಿನಲ್ಲಿ ಕುಳಿತು ಹೆರನ್ಸ್ ತಂಡದ ಸ್ಕೋರು ಬರೆಯುತ್ತಿದ್ದೇನೆ. ಯಾವ ಚೆಂಡು ಎಲ್ಲಿ ಹೋಯಿತು, ಯಾರ ಕೈ ತಪ್ಪಿತು, ಎಲ್ಲವೂ ನನ್ನ ಪುಸ್ತಕದಲ್ಲಿದೆ. ಹಾಗಾಗಿ ಪ್ರೌಟಿಗೆ ಲೆಕ್ಕದಲ್ಲೇ ಉತ್ತರ ಕೊಟ್ಟೆ. ಆ ಎಪ್ಪತ್ತೊಂದು ಸೋಲಿನಲ್ಲಿ ಮೂವತ್ತೊಂದು ಒಂದೇ ಒಂದು ರನ್ನಿನ ಸೋಲು. ಕೆಟ್ಟ ತಂಡ ಅಷ್ಟು ಹತ್ತಿರ ಬಂದು ಸೋಲುವುದಿಲ್ಲ, ಯಾವುದೋ ಸಣ್ಣ ವಿಷಯ ಸರಿಯಿಲ್ಲದ ತಂಡ ಹಾಗೆ ಸೋಲುತ್ತದೆ ಎಂದೆ. ಪ್ರೌಟಿ ತಲೆಯಾಡಿಸಿ ಮುಂದಿನ ಮೇಜಿಗೆ ಹೋದ.

ಸೋಮವಾರ ಮಧ್ಯಾಹ್ನ ನಮ್ಮ ಮನೆಯ ಬಾಗಿಲು ತಟ್ಟಿದವನು ರೋಸ್ಕೋ ಟಿಲ್ಲರಿ. ಹನ್ನೊಂದು ವರ್ಷ ಹೆರನ್ಸ್‌ನ ಕ್ಯಾಚರ್ ಆಗಿದ್ದವನು. ಬ್ಯಾಟುಗಾರನ ಹಿಂದೆ ಕುಕ್ಕರುಗಾಲಲ್ಲಿ ಕುಳಿತು ಚೆಂಡು ಹಿಡಿದು ಹಿಡಿದು ಮೊಣಕಾಲು ಸವೆದುಹೋಗಿತ್ತು. ಸೆಪ್ಟೆಂಬರಿನಲ್ಲಿ ಅವನನ್ನು ತಂಡದಿಂದ ಬಿಟ್ಟಿದ್ದರು. ಚಳಿಗಾಲದಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದ. ಬೂಟಿನ ಹಿಮ ಕೊಡವಿ ಒಳಗೆ ಬಂದವನು ಕೂರಲಿಲ್ಲ.

"ರೇಡಿಯೊದಲ್ಲಿ ಕೇಳ್ದೆ," ಅಂದ. "ಆ ಮೂವತ್ತೊಂದನ್ನ ನಾನು ನೋಡಬಹುದಾ?"

ಅಂದಿನಿಂದ ದಿನಾ ಮಕ್ಕಳನ್ನು ಮನೆಗಳಿಗೆ ಬಿಟ್ಟು ನೇರ ನಮ್ಮ ಅಡುಗೆಮನೆಗೆ ಬರತೊಡಗಿದ. ನಾನು ಕಾಫಿ ಕಾಯಿಸುತ್ತಿದ್ದೆ, ಗಸಗಸೆ ತುಂಬಿದ ಬನ್ನು ಬಿಸಿ ಮಾಡುತ್ತಿದ್ದೆ. ಅವನು ಒಂದೊಂದು ಸೋಲಿಗೆ ಒಂದೊಂದು ಹಾಳೆ ತೆಗೆದುಕೊಂಡು ಮೈದಾನದ ಚಿತ್ರ ಬರೆದು, ಆ ಕೊನೆಯ ರನ್ನು ಹೋದ ಗಳಿಗೆಯಲ್ಲಿ ಯಾರು ಎಲ್ಲಿ ನಿಂತಿದ್ದರೆಂದು ಗುರುತು ಹಾಕುತ್ತಿದ್ದ. ನಮ್ಮವರಿಗೆ ಹೊಡೆಯಲು ಬರುತ್ತಿರಲಿಲ್ಲ ಎಂದೇನಲ್ಲ. ಎದುರಾಳಿ ಓಟಗಾರ ಹೋಮ್ ಮುಟ್ಟಿ ರನ್ ಗಳಿಸುವ ಮೊದಲೇ ಚೆಂಡು ಅಲ್ಲಿಗೆ ತಲುಪಬೇಕು; ಮೈದಾನದ ಆಚೆ ತುದಿಯಿಂದ ಅದು ಬರುವ ದಾರಿಯಲ್ಲೇ ಎಲ್ಲವೂ ಹಾಳಾಗುತ್ತಿತ್ತು. ನಡುವೆ ನಿಂತು ಅದನ್ನು ಹಿಡಿದು ದಾಟಿಸಬೇಕಾದವನು ಅಲ್ಲಿರುತ್ತಿರಲಿಲ್ಲ, ಇದ್ದರೂ ಚೆಂಡು ಅವನ ತಲೆಯ ಮೇಲೆ ಹಾರಿಹೋಗುತ್ತಿತ್ತು.

ನಾಲ್ಕನೆಯ ದಿನ ರೋಸ್ಕೋನ ಪೆನ್ಸಿಲು ನಿಂತಿತು. ಜೂನ್ ತಿಂಗಳ ಒಂದು ಹಾಳೆ. ಹೋಮ್‌ಗೆ ಮುಂಚಿನ ಕೊನೆಯ ನಿಲ್ದಾಣವಾದ ಮೂರನೇ ಬೇಸಿನಲ್ಲಿ ಎದುರಾಳಿ ಓಟಗಾರ, ನಮ್ಮ ಪಿಚರ್ ಎಸೆದ ತಗ್ಗು ಚೆಂಡು ಕ್ಯಾಚರನನ್ನು ದಾಟಿ ಹಿಂದಕ್ಕೆ ಉರುಳಿತು, ಓಟಗಾರ ಬಂದ, ಪಂದ್ಯ ಹೋಯಿತು. ಅವನು ಪುಟ ತಿರುವಿ ಇನ್ನೊಂದನ್ನು ಹುಡುಕಿದ. ಮತ್ತೊಂದು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಹೋದ. ಇನ್ನು ಇವನು ಬರುವುದಿಲ್ಲ ಅಂದುಕೊಂಡೆ.

ಮರುದಿನ ಅದೇ ಹೊತ್ತಿಗೆ ಬಂದ.

"ಮೂವತ್ತೊಂದರಲ್ಲಿ ಏಳು ನಂದು," ಅಂದ. "ನಿಮ್ಗೆ ಮೊದಲೇ ಗೊತ್ತಿತ್ತು."

"ಬರ್ದವಳು ನಾನೇ ಅಲ್ವಾ."

"ಹೇಳ್ಲಿಲ್ಲ ಯಾಕೆ?"

"ನೀನೇ ಕಂಡ್ಕೊಳ್ತೀಯಾ ಇಲ್ವಾ ನೋಡ್ಬೇಕಿತ್ತು," ಅಂದೆ. ಅವನು ಕೋಟು ಬಿಚ್ಚಿ ಕುರ್ಚಿಗೆ ಹಾಕಿ ಮುಂದಿನ ಹಾಳೆ ತೆಗೆದ.

ಮೂವತ್ತೊಂದೂ ಮುಗಿದ ಮೇಲೆ ರೋಸ್ಕೋ ಆ ಹಾಳೆಗಳ ಕಟ್ಟು ಹಿಡಿದುಕೊಂಡು ತಂಡದ ಒಡತಿ ಒಡ್ನಿ ಹಾಲ್ವರ್ಸನ್ ಅವರಲ್ಲಿಗೆ ಹೋದ. ಮರದ ಅಡ್ಡೆ ನಡೆಸುವ ಹೆಂಗಸು, ಮಾತು ಕಡಿಮೆ. ಹೊಸ ಮ್ಯಾನೇಜರ್ ಕೆಲಸಕ್ಕೆ ದಕ್ಷಿಣದ ಕಡೆಯಿಂದ ಹೆಸರುವಾಸಿ ಒಬ್ಬನನ್ನು ಕರೆಸುವ ಮಾತು ಆಗಲೇ ನಡೆದಿತ್ತು. ಆ ಕೆಲಸ ನನಗೆ ಕೊಡಿ ಎಂದು ರೋಸ್ಕೋ ಕೇಳಿದ. ನಿನಗೇ ಯಾಕೆ ಅಂದರಂತೆ. ನಾವು ಯಾಕೆ ಸೋತೆವು ಅಂತ ನನಗೆ ಈಗಲೇ ಗೊತ್ತು, ಬರುವವರಿಗೆ ಅದು ಗೊತ್ತಾಗುವಷ್ಟರಲ್ಲಿ ಅರ್ಧ ಸೀಸನ್ ಮುಗಿದಿರುತ್ತದೆ ಅಂದನಂತೆ. ಒಡ್ನಿ ಹಾಳೆಗಳನ್ನು ಒಂದೊಂದಾಗಿ ನೋಡಿ, ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಹಬ್ಬದವರೆಗೆ ಅವಕಾಶ ಕೊಟ್ಟರು. ಅಷ್ಟರಲ್ಲಿ ಆಡಿದ್ದರಲ್ಲಿ ಅರ್ಧ ಗೆದ್ದಿರಬೇಕು, ಇಲ್ಲವಾದರೆ ಮರುದಿನವೇ ಆ ದಕ್ಷಿಣದವನಿಗೆ ಫೋನು.

ಮೇ ತಿಂಗಳ ಮೊದಲ ವಾರ ಅಭ್ಯಾಸ ಶುರುವಾಯಿತು. ಮೈದಾನದ ಅಂಚಿನಲ್ಲಿ ಇನ್ನೂ ಕೊಳಕು ಹಿಮದ ಗುಡ್ಡೆಗಳಿದ್ದವು. ಬ್ಯಾಟು ಮುಟ್ಟುವ ಮೊದಲು ದಿನಾ ಎರಡು ಗಂಟೆ ಒಂದೇ ಕೆಲಸ. ಗೋಡೆಯ ಹತ್ತಿರದಿಂದ ನಡುವಿನವನಿಗೆ, ನಡುವಿನವನಿಂದ ಹೋಮ್‌ಗೆ. ಮತ್ತೆ ಗೋಡೆ, ಮತ್ತೆ ನಡು, ಮತ್ತೆ ಹೋಮ್. ಕುಂಟುತ್ತಲೇ ರೋಸ್ಕೋ ಮೂಲೆಯಿಂದ ಮೂಲೆಗೆ ಹೋಗಿ, ಒಂದು ಹೆಜ್ಜೆ ತಪ್ಪಾಗಿ ನಿಂತವನನ್ನು ಭುಜ ಹಿಡಿದು ಸರಿಸಿ ನಿಲ್ಲಿಸುತ್ತಿದ್ದ.

ಇದನ್ನು ಎಲ್ಲರಿಗಿಂತ ಹೆಚ್ಚು ದ್ವೇಷಿಸಿದವನು ಡೀಕ್ ಲ್ಯಾನಮ್. ಎಡ ಮೈದಾನ ಕಾಯುವವನು, ನಮ್ಮಲ್ಲಿ ಎಲ್ಲರಿಗಿಂತ ದೊಡ್ಡ ಹೊಡೆತಗಾರ. ಅವನ ತೋಳಿನ ಬಲ ಲೀಗಿಗೆಲ್ಲ ಗೊತ್ತಿತ್ತು. ಗೋಡೆಯಿಂದ ಹೋಮ್‌ವರೆಗೆ ಒಂದೇ ಎಸೆತದಲ್ಲಿ ಚೆಂಡು ಕಳಿಸುತ್ತಿದ್ದ. ಅದನ್ನು ನೋಡಲೆಂದೇ ಜನ ಬರುತ್ತಿದ್ದರು. ಆ ಎಸೆತ ಹತ್ತರಲ್ಲಿ ಎರಡು ಸಲ ಮಾತ್ರ ಸರಿಯಾದ ಜಾಗಕ್ಕೆ ಬೀಳುತ್ತಿತ್ತು ಎಂಬುದನ್ನು ಯಾರೂ ನೆನಪಿಡುತ್ತಿರಲಿಲ್ಲ. ನನ್ನ ಪುಸ್ತಕ ನೆನಪಿಟ್ಟಿತ್ತು.

ಸೀಸನ್ ಶುರುವಾದ ಮೇಲೆ ಮೊದಲ ಹದಿನಾಲ್ಕು ಪಂದ್ಯಗಳಲ್ಲಿ ಹನ್ನೊಂದನ್ನು ಸೋತೆವು. ಪ್ರೌಟಿ ರೇಡಿಯೊದಲ್ಲಿ ದಿನಾ ನನ್ನ ಭವಿಷ್ಯವಾಣಿ ನೆನಪಿಸಿ ನಗುತ್ತಿದ್ದ. ಹದಿನಾಲ್ಕನೆಯ ಪಂದ್ಯದಲ್ಲಿ ಡೀಕ್ ಮತ್ತೆ ಗೋಡೆಯಿಂದ ನೇರ ಹೋಮ್‌ಗೆ ಎಸೆದ. ಚೆಂಡು ಎಲ್ಲರ ತಲೆಯ ಮೇಲೆ ಹಾರಿ ನನ್ನ ಗೂಡಿನ ಮುಂದಿನ ಬಲೆಗೆ ಬಡಿಯಿತು, ಎದುರಾಳಿಗಳು ಎರಡು ರನ್ ಓಡಿದರು. ಇನ್ನಿಂಗ್ಸ್ ಮುಗಿಯುತ್ತಲೇ ರೋಸ್ಕೋ ಅವನನ್ನು ಬೆಂಚಿನ ಮೇಲೆ ಕೂರಿಸಿದ. ಆ ಪಂದ್ಯವೂ ಹೋಯಿತು.

ಪಂದ್ಯ ಮುಗಿದ ಮೇಲೆ ರೋಸ್ಕೋ ನನ್ನನ್ನು ಕರೆಸಿ, ಹೋದ ವರ್ಷದ ಪುಸ್ತಕ ಹಿಡಿದುಕೊಂಡು ಆಟಗಾರರ ಕೋಣೆಗೆ ಬರಲು ಹೇಳಿದ. ನಾನು ಹೋದಾಗ ಡೀಕ್ ಎಲ್ಲರೆದುರು ನಿಂತಿದ್ದ. ಕೈಗವಸು ನೆಲದ ಮೇಲೆ ಬಿದ್ದಿತ್ತು.

"ಒಂದು ತಿಂಗಳಿಂದ ಕೈಯಿಂದ ಕೈಗೆ ಚೆಂಡು ದಾಟಿಸ್ತಾ ಇದೀವಿ," ಅಂದ ಡೀಕ್, "ಚಿಕ್ಕ ಮಕ್ಕಳ ಥರ. ಏನಾಯ್ತು? ಹನ್ನೊಂದು ಹೋಯ್ತು. ಹೋದ ವರ್ಷ ಸೋತಿದ್ದು ನನ್ನಿಂದ ಅಂತ ಹೇಳ್ಬೇಕಿದ್ರೆ ನೇರ ಹೇಳು ರೋಸ್ಕೋ."

"ನನ್ನಿಂದ ಶುರು ಮಾಡೋಣ," ಅಂದ ರೋಸ್ಕೋ. ನನ್ನ ಕಡೆ ತಿರುಗಿದ. "ಮಿಸೆಸ್ ಡುಸೆಕ್, ನನ್ನ ಏಳನ್ನ ಓದಿ."

ಮೂವತ್ತು ವರ್ಷ ಮಕ್ಕಳ ಅಂಕಗಳನ್ನು ತರಗತಿಯಲ್ಲಿ ಓದಿದವಳು ನಾನು. ಅಂದು ಓದುವಾಗ ಆದಷ್ಟು ಕಷ್ಟ ಎಂದೂ ಆಗಿರಲಿಲ್ಲ. ತಾರೀಖು, ಎಷ್ಟನೆಯ ಇನ್ನಿಂಗ್ಸ್, ಯಾರ ಎಸೆತ, ಹೇಗೆ ಕೈ ತಪ್ಪಿತು. ಒಂದು, ಎರಡು, ಹೀಗೆ ಏಳೂ ಓದಿ ಮುಗಿಸಿದೆ.

"ಮೇ ತಿಂಗಳಲ್ಲೇ ನನ್ನ ಮೊಣಕಾಲು ಹೋಗಿತ್ತು," ಅಂದ ರೋಸ್ಕೋ. "ಕೆಳಗಿನ ಚೆಂಡಿಗೆ ಬಗ್ಗೋಕೆ ಆಗ್ತಿರ್ಲಿಲ್ಲ. ಹೇಳಿದ್ರೆ ಕೂರಿಸ್ತಾರೆ ಅಂತ ಯಾರಿಗೂ ಹೇಳ್ಲಿಲ್ಲ. ನಾನು ಮುಚ್ಚಿಟ್ಟಿದ್ದಕ್ಕೆ ನೀವೆಲ್ಲ ಏಳು ಸಲ ತಲೆ ತಗ್ಗಿಸ್ಕೊಂಡು ಮನೆಗೆ ಹೋದ್ರಿ. ಅದು ನನ್ನ ತಪ್ಪು. ನೀವು ಬೈಯೋದಿದ್ರೆ ಈಗ ಬೈಬಹುದು."

ಆ ಏಳರಲ್ಲಿ ಎರಡು ಸಲ ಎಸೆದಿದ್ದ ಪಿಚರ್ ವೆಸ್ಲಿ ಬೋಗನ್, ಆ ಸೋಲು ತನ್ನ ತಪ್ಪೆಂದು ಚಳಿಗಾಲವಿಡೀ ಕೊರಗಿದವನು, ಮುಖ ಒರೆಸಿಕೊಂಡ. ಡೀಕ್ ಬಗ್ಗಿ ಕೈಗವಸು ಎತ್ತಿಕೊಂಡ.

"ನಂದೆಷ್ಟು?" ಎಂದು ನನ್ನನ್ನು ಕೇಳಿದ.

"ಒಂಬತ್ತು."

"ಓದಿ."

ಓದಿದೆ. ಅವನು ನಿಂತೇ ಕೇಳಿಸಿಕೊಂಡ. ಆಮೇಲೆ ಎರಡನೇ, ಮೂರನೇ ಬೇಸುಗಳ ನಡುವಿನ ಶಾರ್ಟ್‌ಸ್ಟಾಪ್ ಜಾಗದಲ್ಲಿ ಆಡುವ ರೆನಾಲ್ಡೊ ಇಬಾರ್ರಾ ತನ್ನ ನಾಲ್ಕನ್ನು ಕೇಳಿದ. ಎಡ ಮೈದಾನದಿಂದ ಬರುವ ಚೆಂಡು ಹಿಡಿದು ದಾಟಿಸಬೇಕಾದವನು ಅವನೇ. ಡೀಕ್ ಹೇಗೂ ನನ್ನ ಕಡೆ ಎಸೆಯುವುದಿಲ್ಲ ಎಂದು ಎಷ್ಟೋ ಸಲ ಆ ಜಾಗಕ್ಕೆ ಹೋಗುವುದನ್ನೇ ಬಿಟ್ಟಿದ್ದೆ ಎಂದು ಒಪ್ಪಿಕೊಂಡ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಹೀಗೆ ಮೂವತ್ತೊಂದನ್ನೂ ಓದಿ ಮುಗಿಸಿ ನಾನು ಪುಸ್ತಕ ಮುಚ್ಚಿದೆ.

ಮರುದಿನ ಬೆಳಗ್ಗೆ ಅಭ್ಯಾಸಕ್ಕೆ ಒಂದು ಗಂಟೆ ಮೊದಲೇ ಡೀಕ್ ಮತ್ತು ಇಬಾರ್ರಾ ಮೈದಾನದಲ್ಲಿದ್ದರು. ತಂಡ ರಾತ್ರೋರಾತ್ರಿ ಬದಲಾಯಿತು ಎಂದರೆ ಸುಳ್ಳಾಗುತ್ತದೆ. ಅಂದಿನ ಪಂದ್ಯ ಗೆದ್ದೆವು, ಅದರ ಮರುದಿನದ್ದು ಸೋತೆವು. ಆದರೆ ಸೋತ ರೀತಿ ಬೇರೆಯಾಗಿತ್ತು. ತಪ್ಪಾದರೆ ಯಾರ ತಪ್ಪು ಎಂದು ಅತ್ತಿತ್ತ ನೋಡುವುದು ನಿಂತಿತ್ತು. ಮಾಡಿದವನೇ ಕೈ ಎತ್ತುತ್ತಿದ್ದ, ಮರುದಿನ ಅದನ್ನೇ ಇಪ್ಪತ್ತು ಸಲ ಮಾಡುತ್ತಿದ್ದ. ಜೂನ್ ಕೊನೆಯ ಹೊತ್ತಿಗೆ ಒಂದು ರನ್ನಿನ ಪಂದ್ಯಗಳು ನಮ್ಮ ಕಡೆ ವಾಲತೊಡಗಿದವು.

ಜುಲೈ ನಾಲ್ಕರಂದು ನಾವು ನಲವತ್ತನೆಯ ಪಂದ್ಯ ಆಡಿ ಸೋತೆವು. ಅಲ್ಲಿಗೆ ಗೆದ್ದದ್ದು ಹತ್ತೊಂಬತ್ತು, ಸೋತದ್ದು ಇಪ್ಪತ್ತೊಂದು. ಅರ್ಧಕ್ಕೆ ಒಂದು ಕಡಿಮೆ. ಊರೆಲ್ಲ ನದಿ ದಂಡೆಯಲ್ಲಿ ಪಟಾಕಿ ನೋಡಲು ಹೊರಟಿದ್ದಾಗ ರೋಸ್ಕೋ ಸಮವಸ್ತ್ರದಲ್ಲೇ ಒಡ್ನಿಯವರ ಹತ್ತಿರ ಹೋದ. ಸ್ಕೋರು ಪುಸ್ತಕಕ್ಕೆ ಸಹಿ ಹಾಕಿಸಲು ನಾನೂ ಅಲ್ಲೇ ಇದ್ದೆ.

"ಒಂದು ಕಮ್ಮಿ ಬಿತ್ತು," ಅಂದ. "ಮಾತು ಮಾತೇ. ಆ ದಕ್ಷಿಣದವರಿಗೆ ಫೋನ್ ಮಾಡೋದಿದ್ರೆ ಮಾಡಿ. ಆದ್ರೆ ಬರೋವರಿಗೆ ಬೆಳಗಿನ ಅಭ್ಯಾಸ ನಿಲ್ಸಬೇಡಿ ಅಂತ ಹೇಳಿ."

ಒಡ್ನಿ ಸಹಿ ಹಾಕಿ ಪೆನ್ನು ಮುಚ್ಚಿದರು. "ಹೋದ ವರ್ಷ ಇದೇ ದಿನ ಎಷ್ಟು ಗೆದ್ದಿದ್ವಿ, ವರ್ನಾ?" ಎಂದು ಕೇಳಿದರು. ಹನ್ನೊಂದು ಅಂದೆ. ಅವರು ರೋಸ್ಕೋ ಕಡೆ ನೋಡಿದರು. "ನಾಳೆ ತಂಡದ ಬಸ್ಸು ಒಂಬತ್ತಕ್ಕೆ ಹೊರಡುತ್ತೆ. ಹೋಗಿ ಕಾಲಿಗೆ ಐಸ್ ಇಟ್ಕೊ."

ಆಗಸ್ಟಿನಲ್ಲಿ ಮೈದಾನ ತುಂಬತೊಡಗಿತು. ಸೀಸನ್ನಿನ ಕೊನೆಯ ದಿನ, ಮೇಲಿನ ನಾಲ್ಕು ತಂಡಗಳು ಕಪ್‌ಗಾಗಿ ಆಡುವ ಪ್ಲೇಆಫಿನ ಕೊನೆಯ ಜಾಗ ನಮಗೋ ಪೋರ್ಟ್ ಆಲ್ಡೆನ್ ತಂಡಕ್ಕೋ ಎಂಬುದು ಒಂದೇ ಪಂದ್ಯದ ಮೇಲೆ ನಿಂತಿತ್ತು. ಅದೂ ಅವರ ವಿರುದ್ಧವೇ. ಒಂಬತ್ತನೆಯ, ಕೊನೆಯ ಇನ್ನಿಂಗ್ಸ್, ನಾವು ನಾಲ್ಕು, ಅವರು ಮೂರು. ಅವರಲ್ಲಿ ಇಬ್ಬರು ಔಟಾಗಿದ್ದರು, ಮೂರನೆಯವನು ಔಟಾದರೆ ಆಟ ಮುಗಿಯಿತು; ಒಬ್ಬ ಮೊದಲನೇ ಬೇಸಿನಲ್ಲಿದ್ದ. ಬೋಗನ್ ಎಸೆದ ಚೆಂಡನ್ನು ಅವರ ಬ್ಯಾಟುಗಾರ ಎಡಗಡೆಯ ಮೂಲೆಗೆ, ಗೋಡೆಯ ಬುಡಕ್ಕೆ ಹೊಡೆದ. ಮೊದಲ ಬೇಸಿನವನು ಓಡತೊಡಗಿದ. ಅವನು ಹೋಮ್ ಮುಟ್ಟಿದರೆ ಸಮ.

ಡೀಕ್ ಗೋಡೆಯ ಹತ್ತಿರ ಚೆಂಡೆತ್ತಿಕೊಂಡು ತಿರುಗಿದ. ಹೋದ ವರ್ಷದ ಡೀಕ್ ಆಗಿದ್ದರೆ ಏನು ಮಾಡುತ್ತಿದ್ದನೆಂದು ನನಗೆ ಗೊತ್ತಿತ್ತು. ಜನ ಎದ್ದು ನಿಂತಿದ್ದರು, ಅವನ ಆ ಉದ್ದನೆಯ ಎಸೆತಕ್ಕೇ ಕಾದಿದ್ದರು. ಅವನು ತಲೆ ಎತ್ತಿ ನೋಡಲೂ ಇಲ್ಲ. ಇಬಾರ್ರಾ ಇರಬೇಕಾದ ಜಾಗಕ್ಕೆ, ಎದೆಯ ಎತ್ತರಕ್ಕೆ ಎಸೆದ. ಇಬಾರ್ರಾ ಅಲ್ಲೇ ಇದ್ದ. ಹಿಡಿದು ತಿರುಗಿ ಹೋಮ್‌ಗೆ ಕಳಿಸಿದ. ಓಟಗಾರ ಧೂಳೆಬ್ಬಿಸಿ ಜಾರಿಕೊಂಡು ಬಂದಾಗ ನಮ್ಮ ಹೊಸ ಕ್ಯಾಚರ್ ಚೆಂಡಿನ ಸಮೇತ ಅವನಿಗಾಗಿ ಕಾಯುತ್ತಿದ್ದ, ಚೆಂಡನ್ನು ಅವನ ಮೈಗೆ ಮುಟ್ಟಿಸಿದ. ಅಂಪೈರ್ ಔಟೆಂದು ಮುಷ್ಟಿ ಬಿಗಿದು ಕೈ ಎತ್ತಿದ. ಪುಸ್ತಕದಲ್ಲಿ ಅದನ್ನು ಬರೆಯುವಾಗ ನನ್ನ ಪೆನ್ಸಿಲಿನ ಮೊನೆ ಮುರಿಯಿತು.

ಐವತ್ತೆರಡು ಗೆಲುವು, ನಲವತ್ತನಾಲ್ಕು ಸೋಲು. ಕಪ್ ಗೆದ್ದೆವು ಎಂದು ಹೇಳಲು ನನಗೂ ಆಸೆ. ಪ್ಲೇಆಫಿನ ಮೊದಲ ಸುತ್ತು ಗೆದ್ದು, ಎರಡನೆಯದರಲ್ಲಿ ನಮಗಿಂತ ಒಳ್ಳೆಯ ತಂಡದ ಕೈಯಲ್ಲಿ ಸೋತೆವು. ಸೋತ ಮೇಲೂ ಜನ ಅರ್ಧ ಗಂಟೆ ಮೈದಾನ ಬಿಟ್ಟು ಕದಲಲಿಲ್ಲ.

ಅಕ್ಟೋಬರಿನಲ್ಲಿ ಡೀಕ್‌ಗೆ ಮೇಲಿನ ಲೀಗಿನ ತಂಡವೊಂದರಿಂದ ಕರೆ ಬಂತು. ಅವನ ಹೊಡೆತಗಳನ್ನು ಅವರು ಮೊದಲೇ ನೋಡಿದ್ದರು, ಈಗ ಅವನನ್ನು ಮೈದಾನ ಕಾಯಲು ಬಿಡಬಹುದು ಎಂಬ ನಂಬಿಕೆ ಬಂದಿತ್ತು. ಹೊರಡುವ ದಿನ ರೋಸ್ಕೋನ ಶಾಲೆ ಬಸ್ಸಿನ ಹತ್ತಿರ ಬಂದು ಬಹಳ ಹೊತ್ತು ನಿಂತು ಮಾತಾಡಿ ಹೋದ. ಅವನ ಕಾರು ತಿರುವಿನಲ್ಲಿ ಮರೆಯಾಗುವವರೆಗೆ ರೋಸ್ಕೋ ನೋಡುತ್ತಿದ್ದ. ಮುಖದಲ್ಲಿ ಹೆಮ್ಮೆಯೂ ಇತ್ತು, ಕೈಯಿಂದ ಏನೋ ಜಾರಿದ ಸಂಕಟವೂ ಇತ್ತು. ಒಳ್ಳೆಯ ಹುಡುಗನನ್ನು ಕಳಕೊಂಡೆಯಲ್ಲ ಅಂದೆ ನಾನು.

"ಹೌದು," ಅಂದ. "ಎಡಗಡೆಗೆ ಒಬ್ಬ ಬೇಕು ಈಗ. ಡುಲೂತ್ ಊರಲ್ಲಿ ಒಬ್ಬ ಇದಾನಂತೆ, ಓಟ ಚೆನ್ನಾಗಿದೆ, ತೋಳು ಅಷ್ಟಕ್ಕಷ್ಟೇ. ಭಾನುವಾರ ಹೋಗಿ ನೋಡ್ಕೊಂಡು ಬರ್ತೀನಿ. ನೀವೂ ಬರ್ತೀರಾ?"

ಬರುತ್ತೇನೆ ಎಂದೆ.