ಅಮಾವಾಸ್ಯೆಯ ತರಬೇತಿ

ತಮಿಳುನಾಡಿನ ಅವಿನಾಶಿಯ ಕನ್ನಡ ನೇಕಾರರ ಬೀದಿಯಲ್ಲಿ ಅಮಾವಾಸ್ಯೆಯ ದಿನ ಮಗ್ಗ ಆಡುವುದಿಲ್ಲ. ಲಾಳಿಯ ಸದ್ದಿಲ್ಲದೆ ಅದು ಬೇರೆ ಯಾರದೋ ಬೀದಿಯಂತೆ ಕಾಣುತ್ತದೆ. ಹೆಂಗಸರು ತಲೆಗೆ ನೀರು ಹಾಕಿಕೊಂಡು, ಚೌಡೇಶ್ವರಿಗೆ ದೀಪ ಹಚ್ಚಿ, ಹಣೆ ತುಂಬ ವಿಭೂತಿ ಇಟ್ಟು ತಿಣ್ಣೆಯ ಮೇಲೆ ಕೂತಿರುತ್ತಾರೆ. ಕೊಯಮತ್ತೂರಿನ ತರಬೇತಿಯವರು ಮೂರು ದಿನ ಬೇಕೆಂದು ಕೇಳಿದಾಗ ಮಾದರ್ ಸಂಘದ, ಅಂದರೆ ಮಹಿಳಾ ಸಂಘದ, ಹೆಂಗಸರು ಕೊಟ್ಟದ್ದು ಮೂರು ಅಮಾವಾಸ್ಯೆ. ಒಂದೇ ಸಮ ಮೂರು ದಿನ ಕೆಲಸ ನಿಲ್ಲಿಸುವುದು ಸಾವಿನ ಮನೆಯಲ್ಲಿ ಮಾತ್ರ.

ಸಂಘವೆಂದರೆ ದೊಡ್ಡದೇನಲ್ಲ. ಜಾನಕಿಯಮ್ಮನ ಮಗಳು ರುಕ್ಮಣಿ ಶುರು ಮಾಡಿದ್ದು. ಕೈಮಗ್ಗದ ಕೆಲಸ ಕಡಿಮೆಯಾಗಿ ಬೀದಿಯ ಸೊಸೆಯರು ಬೆಳಗಿನ ಬಸ್ಸು ಹಿಡಿದು ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಹೋಗಲು ತೊಡಗಿದ ಕಾಲ ಅದು. ಒಂದು ದಿನ ಪಕ್ಕದ ಮನೆಯ ಕೂಸು ತೆವಳಿಕೊಂಡು ಬಂದು ರುಕ್ಮಣಿ ಕಾಲಿಳಿಬಿಟ್ಟು ನೇಯುವ ಮಗ್ಗದ ಗುಂಡಿಗೆ ಬಿತ್ತು. ದೇವರ ದಯೆ, ಏನೂ ಆಗಲಿಲ್ಲ. ಆದರೆ ರುಕ್ಮಣಿ ಮಾರನೆಯ ದಿನವೇ ತನ್ನ ಮಗ್ಗ ಬಿಚ್ಚಿಸಿದಳು. ಗುಂಡಿಯ ಮೇಲೆ ಹಲಗೆ ಹಾಸಿ, ಹಲಗೆಯ ಮೇಲೆ ಚಾಪೆ ಹಾಸಿ, ಬೀದಿಯ ಕೂಸುಗಳನ್ನೆಲ್ಲ ಅಲ್ಲಿ ಮಲಗಿಸಿದಳು. ಅದೇ ಮಕ್ಕಳ ಮನೆಯಾಯಿತು, ಅದನ್ನು ನಡೆಸುವ ಹೆಂಗಸರೇ ಸಂಘವಾದರು. ಗಂಡ ಸತ್ತು ತವರಿಗೆ ಬಂದವಳಿಗೆ ಅದೇ ಸಂಸಾರವೂ ಆಯಿತು.

ಈಚಿನ ಮಾಸಿ ತಿಂಗಳಲ್ಲಿ, ಶಿವರಾತ್ರಿಯ ಹೊತ್ತಿಗೆ, ಅವಳು ಕಾಮಾಲೆಯಾಗಿ ತೀರಿಹೋದಳು. ಅಂದಿನಿಂದ ಬೀಗದಕೈ ಜಾನಕಿಯಮ್ಮನ ಸೊಂಟದಲ್ಲಿ. ಬೆಳಿಗ್ಗೆ ಬಾಗಿಲು ತೆಗೆದು, ಗೋಡೆಯ ಮೇಲಿನ ಮಗಳ ಪಟಕ್ಕೆ ಹೂವಿಟ್ಟು, ಆಮೇಲೆ ಗಂಜಿಗೆ ಒಲೆ ಹಚ್ಚುವಳು. ಬೇರೆಯವರು ಒಲೆ ಹಚ್ಚಲು ಬಂದರೆ, "ನೀವು ಕೂಸು ನೋಡ್ಕೊಳ್ಳಿ ಸಾಕು" ಅನ್ನುವಳು. ಈ ಬಾಗಿಲು ತನ್ನ ಕೈಯಿಂದ ತೆರೆಯುವವರೆಗೆ ಮಗಳು ಪೂರ್ತಿ ಹೋಗಿಲ್ಲವೆಂದು ಅವಳ ಮನಸ್ಸಿನಲ್ಲಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ತರಬೇತಿಗೆ ಬಂದಾಕೆಯ ಹೆಸರು ನಾಗವೇಣಿ. ಮೂಲ ನಂಜನಗೂಡಿನ ಕಡೆ. ಕೊಯಮತ್ತೂರಿನಲ್ಲಿ ಊರೂರಿನ ಸಣ್ಣ ಸಂಘಗಳಿಗೆ ಪಾಠ ಹೇಳುವ ಒಂದು ಸಂಸ್ಥೆಯಲ್ಲಿ ಕೆಲಸ. ಮೊದಲ ಅಮಾವಾಸ್ಯೆಯ ದಿನ ಆಕೆ ಬಾಯಿ ಬಿಟ್ಟು ಕನ್ನಡ ಮಾತಾಡಿದಾಗ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು.

"ಅಮ್ಮಣೀ, ನೀವು ಮಾತಾಡದು ರೇಡಿಯೋದಾಗೆ ಬಂದಂಗಿದೆ" ಅಂದಳು ಅಂಗಮ್ಮ. ಅವಳು ಎದುರು ಮನೆಯವಳು; ಯಾರನ್ನು ಕಂಡರೂ ತಮಾಷೆ.

"ನಿಮ್ಮ ಕನ್ನಡವೂ ನನಗೆ ಹಾಡಿನ ಹಾಗೆ ಕೇಳಿಸ್ತಿದೆ ಕಣ್ರೀ" ಎಂದು ನಾಗವೇಣಿಯೂ ನಕ್ಕಳು.

ಜಾನಕಿಯಮ್ಮ ನಗಲಿಲ್ಲ. ಈ ಊರಲ್ಲಿ ಅಂಗಡಿ, ಆಸ್ಪತ್ರೆ, ಕಚೇರಿ ಎಲ್ಲ ತಮಿಳಿನಲ್ಲಿ. ಮನೆಯ ಒಳಗೆ ಮಾತ್ರ ಆಡುವ ಮಾತನ್ನು ಆಡಿಕೊಂಡು ಹೊರಗಿನವಳೊಬ್ಬಳು ನೇರ ಒಳಗೆ ಬಂದರೆ, ಅವಳಿಗೆ ಏನೋ ಬೇಕಾಗಿದೆ ಎಂದೇ ಅರ್ಥ ಎಂದುಕೊಂಡಳು. ಆ ದಿನ ನಾಗವೇಣಿ ಕೇಳಿದ ಪ್ರಶ್ನೆಗಳೂ ಹಾಗೆಯೇ ಇದ್ದವು. ಬಾಗಿಲು ಯಾರು ತೆಗೆಯುತ್ತಾರೆ? ಅಡಿಗೆ ಯಾರು? ಅವರಿಗೆ ಜ್ವರ ಬಂದರೆ? ಕೊನೆಗೆ ಜಾನಕಿಯಮ್ಮನನ್ನೇ ನೋಡಿ, ಮೆಲ್ಲಗೆ ಕೇಳಿದಳು: "ನಿಮ್ಮ ನಂತರ ಯಾರಮ್ಮ?"

ಸಾವು ಆಗಿ ವರ್ಷ ತುಂಬದ ಮನೆಯಲ್ಲಿ ಕೂತು ಕೇಳುವ ಮಾತೇ ಅದು? ಹೆಂಗಸರೆಲ್ಲ ತಲೆ ತಗ್ಗಿಸಿದರು. ಜಾನಕಿಯಮ್ಮ ಎದ್ದು ದೀಪಕ್ಕೆ ಎಣ್ಣೆ ಹಾಕುವ ನೆಪದಲ್ಲಿ ಒಳಗೆ ಹೋದಳು.

ಅದಕ್ಕೆ ಸರಿಯಾಗಿ ಮೈದುನ ಪೊನ್ನುಸಾಮಿ ಕಾರಮಡೈ ಕಡೆಯಿಂದ ಸುದ್ದಿ ತಂದ. ಪಕ್ಕದ ಮನೆಯಲ್ಲೇ ಅವನ ವಾಸ. ದಾರ ಕೊಳ್ಳಲು ಊರೂರು ತಿರುಗುವವನು. ಹೋದಲ್ಲಿಂದ ದಾರ ತಾರದಿದ್ದರೂ ಸುದ್ದಿ ತರುವನು.

"ಅತ್ತಿಗೇ, ಅಲ್ಲಿ ಒಂದು ಹಳ್ಳೀಲಿ ಹಿಂಗೇ ಒಂದು ಸಂಘ ಇತ್ತಾಮೆ. ಹಿಂಗೇ ಪಯಿರ್ಚಿ, ತರಬೇತಿ ಕೊಡ್ತೀವಿ ಅಂತ ಬಂದ್ರಾಮೆ. ಆಟ ಆಡ್ಸಿದ್ರು, ಪಾಟ್ಟು ಹಾಡ್ಸಿದ್ರು. ಆಮೇಲೆ ಏನಾಯ್ತು ಅಂತೀರಾ? ಬಾಗಿಲ ಮೇಲೆ ಅವರ ಬೋರ್ಡು ಬಂತು. ಕಟ್ಟಿದವರು ಹೊರಗೆ, ಬೋರ್ಡಿನವರು ಒಳಗೆ."

"ನೀವು ಕಣ್ಣಾರೆ ನೋಡಿದ್ರಾ?"

"ಬೋರ್ಡು ನೋಡ್ದೆ. ಮಿಕ್ಕಿದ್ದು ಟೀ ಅಂಗಡೀಲಿ ಹೇಳಿದ್ರು."

ಅಷ್ಟು ಸಾಕಾಯಿತು. ಅಂದಿನಿಂದ ಜಾನಕಿಯಮ್ಮ ಸ್ನಾನಕ್ಕೆ ಹೋದರೂ ಬೀಗದಕೈ ಬಿಚ್ಚಲಿಲ್ಲ.

ಎರಡನೆಯ ಅಮಾವಾಸ್ಯೆಗೆ ನಾಗವೇಣಿ ಮತ್ತೆ ಬಂದಳು. ಕೈಯಲ್ಲಿ ಹಣ್ಣು, ಹೂವು. ಮೊದಲು ರುಕ್ಮಣಿಯ ಪಟದ ಮುಂದೆ ಹೂವಿಟ್ಟು ಕೈ ಮುಗಿದಳು. ಅದೂ ಜಾನಕಿಯಮ್ಮನಿಗೆ ಹಿಡಿಸಲಿಲ್ಲ. ಎಂದೂ ಕಂಡಿಲ್ಲದವಳ ಮೇಲೆ ಇಷ್ಟು ಭಕ್ತಿಯೇಕೆ? ಆಕೆ ಕಣ್ಣೆತ್ತಿ ಬಾಗಿಲ ಮೇಲಿನ ಜಾಗವನ್ನು ನೋಡಿದಂತೆಯೂ ಅನ್ನಿಸಿತು. ಒಂದು ಬೋರ್ಡು ಹಿಡಿಸುವಷ್ಟು ಜಾಗ ಅಲ್ಲಿತ್ತು.

ಎಲ್ಲರೂ ಹಲಗೆಯ ಸುತ್ತ ವೃತ್ತವಾಗಿ ಕೂತರು. "ಇವತ್ತು ಒಂದು ಆಟ. ಒಂದು ಉಂಡೆ ನೂಲು ಕೊಡ್ತೀರಾ?" ಎಂದಳು ನಾಗವೇಣಿ.

ಅಂಗಮ್ಮ ಮನೆಯಿಂದ ನೂಲುಂಡೆ ತಂದಳು. ಆಟವೇನೆಂದರೆ, ಉಂಡೆ ಹಿಡಿದವರು ಮಕ್ಕಳ ಮನೆಗೆ ತಾವು ಮಾಡುವ ಒಂದು ಕೆಲಸ ಹೇಳಬೇಕು. ನೂಲಿನ ಎಳೆಯನ್ನು ಬೆರಳಿಗೆ ಸುತ್ತಿ ಹಿಡಿದು ಉಂಡೆಯನ್ನು ಇನ್ನೊಬ್ಬರಿಗೆ ಎಸೆಯಬೇಕು.

"ಎಸೀಬೇಕಾ? ನೂಲಾ?" ಪಳನಿಯಮ್ಮಾಳ್ ಕಣ್ಣರಳಿಸಿದಳು. ಅವಳು ರುಕ್ಮಣಿಯ ಜತೆಗಾತಿ. ತಾನು ಸೊಸೆಯಾಗಿ ಈ ಬೀದಿಗೆ ಬಂದ ದಿನದಿಂದ ಇಬ್ಬರೂ ಒಂದೇ ಕಡೆ ಕೂತು ದಾರ ಸುತ್ತಿದವರು. "ಎಸೆಯಕ್ಕಿಲ್ಲ ಅಕ್ಕಾ. ಬೇಕಾದ್ರೆ ಕೊಡ್ತೀವಿ."

ಹಾಗಾಗಿ ಉಂಡೆ ಎಸೆತ ಕಾಣದೆ, ವೃತ್ತದ ಆಚೆಯಿಂದ ಈಚೆಗೆ ಪ್ರಸಾದದಂತೆ ಕೈಯಿಂದ ಕೈಗೆ ಹೋಯಿತು. ಒಬ್ಬಳು ನೀರು ತರುವೆನೆಂದಳು. ಒಬ್ಬಳು ತೊಟ್ಟಿಲ ಸೀರೆ ಒಗೆಯುವೆನೆಂದಳು. ಅಂಗಮ್ಮ, "ನಾನು ಕೂಸುಗಳಿಗೆ ಜಗಳ ಆಡೋದು ಕಲಿಸ್ತೀನಿ" ಅಂದು ಎಲ್ಲರನ್ನೂ ನಗಿಸಿದಳು. ಉಂಡೆ ಜಾನಕಿಯಮ್ಮನ ಕೈಗೆ ಬಂದಾಗ ಅವಳು, "ಬಾಗಿಲು ತೆಗೀತೀನಿ, ಗಂಜಿ ಕಾಯ್ಸ್ತೀನಿ, ಬಾಗಿಲು ಹಾಕ್ತೀನಿ" ಅಂದಳು. ಒಂದು ಕೆಲಸ ಎಂದಿದ್ದರೂ ಮೂರು ಹೇಳಿದಳು.

ಸ್ವಲ್ಪ ಹೊತ್ತಿಗೆ ವೃತ್ತದ ನಡುವೆ ನೂಲಿನ ಬಲೆ ಬಿಗಿಯಾಗಿ ನಿಂತಿತು.

"ನೋಡಿ, ಎಷ್ಟು ಚೆನ್ನಾಗಿದೆ. ಇದೇ ನಿಮ್ಮ ಸಂಘ" ಎಂದಳು ನಾಗವೇಣಿ. "ಈಗ ಒಬ್ಬರು ಕೈ ಬಿಟ್ಟರೆ ಏನಾಗುತ್ತೆ ನೋಡೋಣ. ಜಾನಕಿಯಮ್ಮಾ, ನೀವು ಬಿಟ್ಟುಬಿಡಿ."

ಅಷ್ಟು ಜನರಲ್ಲಿ ತನ್ನನ್ನೇ ಕರೆದಳು! ಜಾನಕಿಯಮ್ಮನ ಎದೆ ಬಿಸಿಯಾಯಿತು. ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಬೀಳಲಿ. ತಾನು ಬಿಟ್ಟರೆ ಇದೆಲ್ಲ ಕುಸಿದು ಬೀಳುವುದನ್ನು ಈಕೆ ತನ್ನ ಕಣ್ಣಿನಿಂದಲೇ ನೋಡಲಿ; ಆಮೇಲೆ ನಿಮ್ಮ ನಂತರ ಯಾರು ಎಂದು ಕೇಳಲಿ. ಅವಳು ಕೈ ಸಡಿಲಿಸಲಿಲ್ಲ. ಬೆರಳಿಗೆ ಸುತ್ತಿದ್ದ ನೂಲನ್ನು ಪಟ್ಟನೆ ಹರಿದು, ಎರಡು ತುದಿಗಳನ್ನೂ ಬಿಟ್ಟಳು.

ತುದಿಗಳು ನೆಲ ಮುಟ್ಟಲಿಲ್ಲ. ಎಡಗಡೆ ಕೂತಿದ್ದ ಪಳನಿಯಮ್ಮಾಳ್ ಒಂದನ್ನು ಹಿಡಿದಳು. ಬಲಗಡೆಯಿಂದ ಅಂಗಮ್ಮ ಇನ್ನೊಂದನ್ನು. ಅಂಗಮ್ಮ ಆಗ ಆ ಕಡೆಯವಳ ಹತ್ತಿರ ನಿನ್ನೆಯ ಬಸ್ಸಿನ ಕಂಡಕ್ಟರನ ಕಥೆ ಹೇಳುತ್ತಿದ್ದಳು, ಕಥೆ ನಿಲ್ಲಿಸಲಿಲ್ಲ. ಮುಂದಕ್ಕೆ ಬಾಗಿ ತುದಿಯನ್ನು ನೀಡಿದಳು. ಪಳನಿಯಮ್ಮಾಳ್ ಹಣೆಯ ವಿಭೂತಿಗೆ ಬೆರಳು ಒತ್ತಿ, ಆ ಬೂದಿಯಲ್ಲಿ ಎರಡು ತುದಿಗಳನ್ನು ಸೇರಿಸಿ ಹೊಸೆದಳು. ಮಗ್ಗದಲ್ಲಿ ಹಾಸಿನ ಎಳೆ ಹರಿದರೆ ನೇಕಾರರು ದಿನಕ್ಕೆ ಎಷ್ಟೋ ಸಲ ಮಾಡುವ ಕೆಲಸ. ಗಂಟಿಲ್ಲದೆ ನೂಲು ಕೂಡಿತು. ಇಬ್ಬರೂ ಹಿಂದಕ್ಕೆ ಸರಿದು ಕೂತರು. ಬಲೆ ಮತ್ತೆ ಬಿಗಿಯಾಯಿತು. ಜಾನಕಿಯಮ್ಮ ಅದರ ಹೊರಗಿದ್ದಳು.

"ಅಯ್ಯೋ, ನನ್ನ ಆಟ ಕೆಡಿಸಿಬಿಟ್ರಲ್ಲ!" ನಾಗವೇಣಿ ಕೈ ತಟ್ಟಿ ನಕ್ಕಳು. "ಅದು ಜೋತು ಬೀಳಬೇಕು ಕಣ್ರೀ. ಆಗ ಎಲ್ಲರೂ ಮುಖ್ಯ ಅಂತ ನಾನು ಹೇಳಬೇಕು."

"ಹರಿದ ನೂಲು ನೋಡ್ಕೊಂಡು ಸುಮ್ಕೆ ಇರಕ್ಕಾಗ್ತದಾ?" ಅಂದಳು ಪಳನಿಯಮ್ಮಾಳ್. ಅಂದ ಮೇಲೆ ಪಕ್ಕಕ್ಕೆ ತಿರುಗಿ ಜಾನಕಿಯಮ್ಮನ ಬರಿಗೈ ನೋಡಿದಳು. ಅಂಗಮ್ಮನ ಕಂಡಕ್ಟರನ ಕಥೆ ಅಲ್ಲಿಗೆ ನಿಂತಿತು.

ಇಷ್ಟು ದಿನ ಜಾನಕಿಯಮ್ಮನಿಗೆ ಹೊರಗಿನವಳ ಮೇಲೆ ಸಂಶಯವಿತ್ತು. ಈಗ ಒಳಗಿನವರ ಮೇಲೂ ಬಂತು. ಇವರಿಗೆ ಮೊದಲೇ ಹೇಳಿಕೊಟ್ಟಿರಬೇಕು. ಇಲ್ಲದಿದ್ದರೆ ಅಷ್ಟು ಬೇಗ ಕೈ ಹೇಗೆ ಬಂತು? ಅದೂ ಪಳನಿಯಮ್ಮಾಳ್! ರುಕ್ಮಣಿಯ ತಟ್ಟೆಯಲ್ಲಿ ಉಂಡವಳು!

ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಅವಳು ಎದ್ದಳು. ಮಕ್ಕಳ ಮನೆಗೆ ಹಾಕಿದ ಬೀಗವನ್ನು ಎಳೆದು ನೋಡಿ, ಅವಿನಾಶಿಯಪ್ಪನ ಗುಡಿಗೆ ಹೋದಳು. ಬೀಗದಕೈ ಸೊಂಟದಲ್ಲೇ ಇತ್ತು. ಬಸ್ಸಿನ ಹೊತ್ತಿಗೆ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬರುತ್ತಾರೆ, ಬಾಗಿಲು ಮುಚ್ಚಿರುತ್ತದೆ, ಯಾರಾದರೂ ಓಡಿಕೊಂಡು ಗುಡಿಗೆ ಬರಲೇಬೇಕು. ಬಂದರೆ ಏನು ಹೇಳಬೇಕೆಂದೂ ಯೋಚಿಸಿಟ್ಟುಕೊಂಡಿದ್ದಳು.

ದೇವರ ಮುಂದೆ ನಿಂತರೆ ಬಾಯಲ್ಲಿ ಸ್ತೋತ್ರ ಬರಲಿಲ್ಲ. "ಅಪ್ಪಾ, ನೀನೇ ಕೊಟ್ಟೆ, ನೀನೇ ತಗೊಂಡೆ. ಆ ಬಾಗಿಲೊಂದನ್ನು ಯಾಕೆ ಕೇಳ್ತೀಯ?" ಅಂದಳು. ಕಂಬಕ್ಕೆ ಒರಗಿ ಕೂತಳು. ಮೊದಲ ಬಸ್ಸಿನ ಹಾರನ್ ಕೇಳಿಸಿತು. ಯಾರೂ ಬರಲಿಲ್ಲ. ಪೂಜೆ ಮುಗಿದು ಜನ ಚೆದರಿದರು. ಗುಡಿಯ ಬಾಗಿಲ ಕಡೆ ಸೀರೆ ಸುಳಿದಾಗಲೆಲ್ಲ ಕತ್ತೆತ್ತಿ ನೋಡಿದಳು. ನಡುಹಗಲ ಪೂಜೆಯ ಗಂಟೆಯಾಗುವವರೆಗೂ ಯಾರೂ ಬರಲಿಲ್ಲ.

ಬೀಗ ಒಡೆದರು ಎಂದುಕೊಂಡಳು. ಹಾಗೆ ಅನ್ನಿಸಿದ್ದೇ ತಡ, ಬಿಸಿಲಿನಲ್ಲಿ ಬರಿಗಾಲಿನಲ್ಲಿ ಬೀದಿಗೆ ಓಡುನಡಿಗೆಯಲ್ಲಿ ಬಂದಳು.

ಬೀಗ ಹಾಗೆಯೇ ಇತ್ತು. ಬಾಗಿಲ ಮೇಲೆ ಬೋರ್ಡಿರಲಿಲ್ಲ. ಪಕ್ಕದ ತಿಣ್ಣೆಯ ಮೇಲೆ ಚಾಪೆ ಹಾಸಿ ಕೂಸುಗಳನ್ನು ಸಾಲಾಗಿ ಮಲಗಿಸಿದ್ದರು. ಪೊನ್ನುಸಾಮಿಯ ಪಡಸಾಲೆಯ ತೊಲೆಗೆ ಸೀರೆಯ ತೊಟ್ಟಿಲು ಕಟ್ಟಿತ್ತು. ಅದನ್ನು ಪೊನ್ನುಸಾಮಿಯೇ ತೂಗುತ್ತಿದ್ದ.

"ಇದೇನು ನಿಮ್ಮ ಕೈಗೂ ಪಯಿರ್ಚಿ ಬಂತಾ?" ಅಂದಳು ಜಾನಕಿಯಮ್ಮ.

"ಮೆಲ್ಲಗೆ ಅತ್ತಿಗೇ, ಈಗ ತಾನೆ ಮಲಗ್ತು. ದಾರಕ್ಕೆ ಹೊರಟಿದ್ದೆ. ಈ ಅಂಗಮ್ಮ ಹಗ್ಗ ಕೈಗೆ ಕೊಟ್ಟು ಹೋದವಳು ಇನ್ನೂ ಬಂದಿಲ್ಲ."

ಅಂಗಮ್ಮನ ಮನೆಯೊಳಗಿಂದ ಪಳನಿಯಮ್ಮಾಳ್ ಗಂಜಿಯ ಪಾತ್ರೆ ಒರೆಸುತ್ತಾ ಹೊರಗೆ ಬಂದಳು. ಜಾನಕಿಯಮ್ಮನನ್ನು ಕಂಡು ನಿಂತಳು.

"ನನ್ನ ಕರೆಯಕ್ಕೆ ಯಾಕೆ ಬರಲಿಲ್ಲ?"

"ಸಾಮಿ ಹತ್ತಿರ ಕೂತಿದ್ದೀರಿ ಅಂತ ಹೂ ಮಾರೋಳು ಹೇಳಿದ್ಲು ಅತ್ತೆ. ನೆನ್ನೆ ನಾವು ಮಾಡಿದ್ದು ನಿಮಗೆ ನೋವಾಯ್ತು. ಬೇಕೂಂತ ಮಾಡ್ಲಿಲ್ಲ, ಕೈ ತಾನಾಗಿ ಹೋಯ್ತು. ಅದಕ್ಕೆ, ಇವತ್ತು ಅಳ್ಕೊಳ್ಳಲಿ, ಬಿಡಿ ಅಂದ್ಕೊಂಡ್ವಿ."

"ಬೀಗ ಒಡೀಬಹುದಿತ್ತಲ್ಲ. ಹಳೇ ಬೀಗ. ಒಂದು ಕಲ್ಲು ಸಾಕು."

ಪಳನಿಯಮ್ಮಾಳ್ ಪಾತ್ರೆ ಕೆಳಗಿಟ್ಟಳು. "ರುಕ್ಮಣಿ ಹಾಕಿದ ಬೀಗ ಅತ್ತೆ. ಯಾರಿಗೆ ಕೈ ಬರ್ತದೆ?"

ಜಾನಕಿಯಮ್ಮ ತಿಣ್ಣೆಯ ಅಂಚಿಗೆ ಕೂತಳು. ಬಿಸಿಲಿಗೆ ಕಣ್ಣು ಕತ್ತಲೆ ಬಂದಂತಾಗಿತ್ತು. ಅಂಗಮ್ಮ ಯಾವ ಮಾಯದಲ್ಲೋ ಬಂದು ಒಂದು ಲೋಟ ಗಂಜಿ ಅವಳ ಕೈಗಿಟ್ಟಳು. ಅವಳಿಗೆಂದೇ ತಟ್ಟೆ ಮುಚ್ಚಿ ಇಟ್ಟಿದ್ದ ಗಂಜಿ.

ಒಂದು ಗುಟುಕು ಕುಡಿದು ಜಾನಕಿಯಮ್ಮ ಮುಖ ಕಿವುಚಿದಳು. "ಉಪ್ಪು ಯಾರು ಹಾಕಿದ್ದು?"

"ನಾನೇ ಅಕ್ಕಾ. ಕೂಸುಗಳೇನೂ ಬೈಲಿಲ್ಲ."

"ಅವಕ್ಕೆ ಮಾತು ಬರಲಿ, ಬೈತವೆ."

ಅಂಗಮ್ಮ ನಕ್ಕಳು. ಜಾನಕಿಯಮ್ಮ ಗಂಜಿಯನ್ನು ಪೂರ್ತಿ ಕುಡಿದಳು. ಎದ್ದು ಬೀಗ ತೆಗೆದಳು. ಒಳಗೆ ನಿನ್ನೆಯ ಹೂವು ಪಟದ ಮೇಲೆ ಬಾಡಿತ್ತು. ಬೆಳಿಗ್ಗೆಯಿಂದ ಮುಚ್ಚಿದ್ದ ಕೋಣೆಯಲ್ಲಿ ಗಾಳಿಯಿರಲಿಲ್ಲ. ಮಗಳು ಇಲ್ಲಿ ಕಾಯುತ್ತಾ ಕೂತಿರಲಿಲ್ಲ. ಹೊರಗಿನ ತಿಣ್ಣೆಯಿಂದ ಕೂಸೊಂದು ಎದ್ದು ಅತ್ತದ್ದು, ಪಳನಿಯಮ್ಮಾಳ್ "ಓ, ಬಂದೆ ಕಣ್ಣೂ" ಅಂದದ್ದು ಕೇಳಿಸಿತು. ರುಕ್ಮಣಿ ಹೇಳುತ್ತಿದ್ದದ್ದು ಹಾಗೆಯೇ, ಅದೇ ರಾಗದಲ್ಲಿ.

ಅವಳು ಬಾಡಿದ ಹೂ ತೆಗೆದು ಹೊರಗೆ ಬಂದಳು. ಸೊಂಟದಿಂದ ಬೀಗದಕೈ ಬಿಚ್ಚಿ ಪಳನಿಯಮ್ಮಾಳಿಗೆ ಕೊಟ್ಟಳು.

"ನಾಳೆ ನೀನು ತೆಗಿ. ನಾನು ಗುಡಿಗೆ ಹೋಗಿ ನಿಧಾನಕ್ಕೆ ಬರ್ತೀನಿ. ಮೊದಲು ಪಟಕ್ಕೆ ಹೂವಿಡು, ಆಮೇಲೆ ಒಲೆ."

ಪಳನಿಯಮ್ಮಾಳ್ ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಅತ್ತಿಗೇ" ಪೊನ್ನುಸಾಮಿ ತೂಗುತ್ತಲೇ ಪಿಸುಗುಟ್ಟಿದ, "ಮುಂದಿನ ಅಮಾವಾಸ್ಯೆಗೆ ಆ ಅಮ್ಮ ಬೋರ್ಡು ತಂದ್ರೆ?"

ಜಾನಕಿಯಮ್ಮ ಬಾಗಿಲ ಮೇಲಿನ ಖಾಲಿ ಜಾಗವನ್ನು ಒಮ್ಮೆ ನೋಡಿದಳು.

"ತರಲಿ. ಹಣ್ಣು ಕೊಟ್ಟು ಕೂರಿಸೋಣ" ಅಂದಳು. ಆಮೇಲೆ ಪಳನಿಯಮ್ಮಾಳ ಕಡೆ ಬಾಗಿ, "ಬೀಗದಕೈ ಯಾರ ಹತ್ತಿರ ಇದೆ ಅಂತ ಮಾತ್ರ ಆಕೆಗೆ ಹೇಳ್ಬೇಡ" ಅಂದಳು.